ಗೇಟ್ ತಪ್ಪಿದ ಮೇಷ್ಟ್ರು, ಇಳಿದುಹೋದ ಸಕ್ಕರೆ

ಕಳೆದ ತಿಂಗಳು ಒಂದು ಸಂಜೆ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಕ್ಲಿನಿಕ್ಕಿಗೆ ಬಂದರು. ವಯಸ್ಸು 68. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ, ಐದು ವರ್ಷಗಳಿಂದ ದಿನಕ್ಕೆರಡು ಸಲ ಇನ್ಸುಲಿನ್. ಪಥ್ಯ, ನಡಿಗೆ, ಔಷಧಿ ಎಲ್ಲದರಲ್ಲೂ ಕಟ್ಟುನಿಟ್ಟು. ಅಂದು ಮಾತ್ರ ಕುರ್ಚಿಯಲ್ಲಿ ಕುಳಿತವರು ಬಹಳ ಹೊತ್ತು ಮಾತೇ ಆಡಲಿಲ್ಲ. ಕೊನೆಗೆ ಅವರ ಮನೆಯವರೇ ಬಾಯಿಬಿಟ್ಟರು. “ವಿಮಾನ ತಪ್ಪಿಸ್ಕೊಂಡ್ವಿ ಡಾಕ್ಟ್ರೇ. ಅದು ಹೋಗ್ಲಿ, ಇವರನ್ನೇ ಕಳ್ಕೋತಿದ್ದೆ.”

ನಡೆದದ್ದು ಇಷ್ಟು. ದಂಪತಿಗಳು ಉತ್ತರ ಭಾರತದಲ್ಲಿರುವ ಮಗಳ ಮನೆಗೆ ಹೋಗಿದ್ದರು. ವಾಪಸು ಬರುವ ವಿಮಾನ ಬೆಳಿಗ್ಗೆ 7.15ಕ್ಕೆ. ಅಳಿಯ ನಸುಕಿನಲ್ಲೇ ಅವರನ್ನು ಅಲ್ಲಿನ ದೊಡ್ಡ ವಿಮಾನ ನಿಲ್ದಾಣಕ್ಕೆ ಬಿಟ್ಟುಹೋದರು. ಮೊಬೈಲಿನಿಂದ ಮುದ್ರಿಸಿಕೊಟ್ಟ ಬೋರ್ಡಿಂಗ್ ಪಾಸಿನಲ್ಲಿ ಗೇಟಿನ ಜಾಗ ಖಾಲಿಯಿತ್ತು. ಸೀಟಿನ ಜಾಗದಲ್ಲಿ 17 ಎಂದಿತ್ತು. ಮೇಷ್ಟ್ರು ಅದನ್ನೇ ಗೇಟಿನ ಸಂಖ್ಯೆ ಎಂದುಕೊಂಡು, 17ನೇ ಗೇಟಿನ ಮುಂದೆ ಹೋಗಿ ಕುಳಿತರು. ಅಲ್ಲೂ ಜನ ಇದ್ದರು, ಸಾಲೂ ಇತ್ತು. ಅನುಮಾನ ಬರುವ ಕಾರಣವಿರಲಿಲ್ಲ. ವಿಮಾನ ಹತ್ತಿದೊಡನೆ ತಿಂಡಿ ಕೊಡುತ್ತಾರೆಂಬ ನಂಬಿಕೆಯಲ್ಲಿ 6 ಗಂಟೆಗೆ ಇನ್ಸುಲಿನ್ ಚುಚ್ಚಿಕೊಂಡರು.

6.45 ಆಯಿತು, 7 ಆಯಿತು. ಯಾರೂ ಕರೆಯಲಿಲ್ಲ. ಕೇಳೋಣವೆಂದರೆ ಎದುರಿಗಿದ್ದ ಹುಡುಗಿ ಹಿಂದಿಯಲ್ಲಿ ಏನೋ ಹೇಳಿ ದೂರದ ಫಲಕದ ಕಡೆಗೆ ಕೈತೋರಿದಳು. ಆ ಫಲಕದಲ್ಲಿ ಅವರು ಓದುವಷ್ಟರಲ್ಲಿ ಸಾಲುಗಳು ಬದಲಾಗುತ್ತಿದ್ದವು. ತಮ್ಮ ಗೇಟು ನಿಲ್ದಾಣದ ಇನ್ನೊಂದು ತುದಿಯಲ್ಲಿದೆ ಎಂದು ಗೊತ್ತಾಗುವ ಹೊತ್ತಿಗೆ ಹೆಗಲ ಚೀಲ ಹೊತ್ತು ಓಡಬೇಕಾಯಿತು. ಅಲ್ಲಿ ಬಾಗಿಲು ಮುಚ್ಚಿತ್ತು. ಮೇಷ್ಟ್ರು ಅಲ್ಲೇ ಕುಸಿದು ಕುಳಿತರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಸಿಬ್ಬಂದಿಯವರು “ಗಾಬರಿ ಆಗಿದ್ದಾರೆ, ಸ್ವಲ್ಪ ಕೂರಿಸಿ” ಎಂದರಂತೆ. ಪುಣ್ಯಕ್ಕೆ ರಜೆಯ ಮೇಲೆ ಊರಿಗೆ ಹೊರಟಿದ್ದ ಬೆಳಗಾವಿ ಕಡೆಯ ಯೋಧರೊಬ್ಬರು ಪಕ್ಕದಲ್ಲಿದ್ದರು. “ಅಜ್ಜಾರ, ಮೈಯೆಲ್ಲಾ ಬೆವತೈತಿ, ಶುಗರ್ ಐತೇನ್ರಿ ನಿಮಗ? ನಮ್ಮಪ್ಪಗೂ ಹಿಂಗ ಆಗತಿತ್ತು” ಎಂದು, ಮನೆಗೆಂದು ಕೊಂಡಿದ್ದ ಪೇಠಾದ ಪೊಟ್ಟಣ ಬಿಚ್ಚಿ ಎರಡು ತುಂಡು ತಿನ್ನಿಸಿದರು. ಕಾಲು ಗಂಟೆಯಲ್ಲಿ ಮೇಷ್ಟ್ರಿಗೆ ತಿಳಿವು ಬಂತು. ಪೇಠಾ ಬಹುಮಟ್ಟಿಗೆ ಸಕ್ಕರೆಯೇ. ತುಪ್ಪದ ಸಿಹಿಗಳಂತೆ ನಿಧಾನವಾಗಿ ರಕ್ತ ಸೇರುವುದಲ್ಲ. ವೈದ್ಯನಾದ ನಾನು ಅಲ್ಲಿದ್ದರೂ ಅದಕ್ಕಿಂತ ಹೆಚ್ಚಿನದೇನನ್ನೂ ಮಾಡುತ್ತಿರಲಿಲ್ಲ.

ಮೇಷ್ಟ್ರು ಆ ಸಂಜೆ ಮಾತಿಲ್ಲದೆ ಕುಳಿತದ್ದು ಇದಕ್ಕಲ್ಲ. ಫೋನಿನಲ್ಲಿ ಮಗ, “ಅಪ್ಪಾ, ಒಂದು ಬೋರ್ಡಿಂಗ್ ಪಾಸ್ ಓದೋಕೂ ಬರಲ್ವಾ ನಿಮಗೆ?” ಎಂದಿದ್ದನಂತೆ. ಮೂವತ್ತಾರು ವರ್ಷ ಊರ ಮಕ್ಕಳಿಗೆಲ್ಲ ಓದು ಕಲಿಸಿದ ಮನುಷ್ಯನಿಗೆ ಆ ಮಾತು ಸೂಜಿಗಿಂತ ಆಳವಾಗಿ ಚುಚ್ಚಿತ್ತು.

ವಿಮಾನ ನಿಲ್ದಾಣದ ಗೇಟಿಗೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಮಕ್ಕಳು ದೆಹಲಿ, ಪುಣೆ, ದುಬೈ, ಅಮೆರಿಕ ಸೇರಿದ ಮೇಲೆ ತಿಪಟೂರು, ಹಾಸನ, ಶಿರಸಿಗಳಂಥ ಊರುಗಳ ತಂದೆತಾಯಂದಿರೂ ವಿಮಾನ ಹತ್ತುತ್ತಿದ್ದಾರೆ. ಅವರಲ್ಲಿ ಬಹಳಷ್ಟು ಜನ ಸಕ್ಕರೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರೇ. ಹೊರಡುವ ಮೊದಲು ಅವರು ನನ್ನಂಥ ಸಾಮಾನ್ಯ ವೈದ್ಯರ ಬಳಿ ಬಂದು ಕೇಳುವುದು ಒಂದೇ ಪ್ರಶ್ನೆ: “ವಿಮಾನದಲ್ಲಿ ಹೋಗಬಹುದಾ ಡಾಕ್ಟ್ರೇ?” ನಾವು ಎದೆಗೆ ಸ್ಟೆತಾಸ್ಕೋಪ್ ಇಟ್ಟು “ಧಾರಾಳವಾಗಿ ಹೋಗಿ ಬನ್ನಿ” ಎನ್ನುತ್ತೇವೆ. ಆಕಾಶದಲ್ಲಿ ಏನಾದೀತೆಂದು ಯೋಚಿಸುತ್ತೇವೆ, ನೆಲದ ಮೇಲಿನ ಎರಡು ಮೂರು ಗಂಟೆಗಳನ್ನು ಮರೆಯುತ್ತೇವೆ. ತಪ್ಪು ನಮ್ಮದೂ ಇದೆ.

ಗಾಬರಿಯೋ, ಸಕ್ಕರೆಯೋ?

ಮನುಷ್ಯ ಹೆದರಿದಾಗ ದೇಹ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ. ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ದೇಹ ಬಿಡುವುದೂ ಇದೇ ರಸವನ್ನೇ. ಆದ್ದರಿಂದ ಎರಡರ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ. ಸಕ್ಕರೆ ಇನ್ನೂ ಇಳಿದರೆ ಮಿದುಳಿಗೆ ಆಹಾರ ಸಾಲದೆ ಮಾತು ತೊದಲುತ್ತದೆ, ಎದುರಿಗಿರುವುದು ಅರ್ಥವಾಗುವುದಿಲ್ಲ, ಕೆಲವರು ಸಿಟ್ಟು ಮಾಡುತ್ತಾರೆ. ಮನೆಯಲ್ಲಿ ಹೀಗಾದರೆ ಸೊಸೆಯೋ ಮೊಮ್ಮಗನೋ ಗುರುತಿಸುತ್ತಾರೆ. ವಿಮಾನ ನಿಲ್ದಾಣದಲ್ಲಿ ಅದೇ ಮನುಷ್ಯ ‘ಮೊದಲ ಸಲ ಬಂದು ಗಾಬರಿಯಾದ ಹಳ್ಳಿಯವನು’ ಎನಿಸಿಕೊಳ್ಳುತ್ತಾನೆ. ಅಪಾಯ ಇರುವುದು ಈ ತಪ್ಪು ತಿಳಿವಳಿಕೆಯಲ್ಲಿ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಎದೆಬಡಿತ, ನಡುಕಗಳನ್ನು ಮರೆಮಾಚುತ್ತವೆ. ಬೆವರೊಂದೇ ಸುಳಿವಾಗಿ ಉಳಿಯುತ್ತದೆ.

ಹೃದಯದ ತೊಂದರೆ ಇರುವವರ ಕಥೆ ಬೇರೆ. ದಿನವೂ ಸಮನೆಲದಲ್ಲಿ ನಿಧಾನವಾಗಿ ನಡೆಯುವಾಗ ಕಾಣಿಸದ ಎದೆನೋವು, ಚೀಲ ಹೊತ್ತು ಗಡಿಬಿಡಿಯಿಂದ ಓಡುವಾಗ ಕಾಣಿಸಿಕೊಳ್ಳುತ್ತದೆ. ದುಡಿಮೆ ಮತ್ತು ಭಯ ಎರಡೂ ಒಟ್ಟಿಗೆ ಹೃದಯದ ಮೇಲೆ ಬೀಳುತ್ತವೆ. ಏದುಸಿರು ಬಿಡುತ್ತ ವಿಮಾನದೊಳಗೆ ಹೋಗಿ ಕುಳಿತರೆ ಅಲ್ಲಿ ಗಾಳಿಯೂ ತೆಳು. ಹಾರುವಾಗ ವಿಮಾನದೊಳಗಿನ ಒತ್ತಡ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಗಾಳಿಗೆ ಸಮ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ. ಆರೋಗ್ಯವಂತರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ದಮ್ಮು, ಹೃದಯದ ದೌರ್ಬಲ್ಯ ಇರುವವರು ಮಾತ್ರ ಓಡಿ ದಣಿದು ಬೆಟ್ಟದ ತುದಿಗೆ ಹೋಗಿ ಕುಳಿತಂತೆ.

ಇನ್ನೊಂದು ಸಂಕಟವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶೌಚಾಲಯಕ್ಕೆ ಹೋದಾಗ ಕರೆದುಬಿಟ್ಟರೆ? ಗೇಟು ಬದಲಾಗಿಬಿಟ್ಟರೆ? ಈ ಭಯದಿಂದ ಎಷ್ಟೋ ಹಿರಿಯರು ಹೊರಡುವ ದಿನ ನೀರನ್ನೇ ಕುಡಿಯುವುದಿಲ್ಲ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನು ತಾವೇ ಬಿಟ್ಟುಬಿಡುತ್ತಾರೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರುವ ಗಂಡಸರು ಗಂಟೆಗಟ್ಟಲೆ ಮೂತ್ರ ತಡೆದುಕೊಂಡು ಕೂರುತ್ತಾರೆ. ಆಮೇಲೆ ಹೋದರೆ ಮೂತ್ರ ಕಟ್ಟಿಕೊಂಡಿರುತ್ತದೆ. ನೀರಿಲ್ಲದೆ ದೇಹ ಬತ್ತಿದವರಿಗೆ ಎದ್ದು ನಿಂತೊಡನೆ ತಲೆಸುತ್ತು. ಮೂಲ ಕಾರಣ ಹುಡುಕಿದರೆ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: “ನನ್ನ ವಿಮಾನ ಎಲ್ಲಿ, ಯಾವಾಗ?”

ಕಿವಿ, ಕಣ್ಣು, ನೆನಪು

‘ಅಷ್ಟು ದೊಡ್ಡ ಫಲಕ ಹಾಕಿದ್ದಾರೆ, ಓದಿಕೊಂಡರಾಯಿತು’ ಎಂಬುದು ಮೂವತ್ತರ ವಯಸ್ಸಿನವರ ಮಾತು. ಅರವತ್ತು ದಾಟಿದವರ ಕಣ್ಣು ಕಿವಿಗಳ ವಿಷಯ ಸ್ವಲ್ಪ ತಿಳಿದುಕೊಳ್ಳಬೇಕು.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಏರುದನಿಯ ಶಬ್ದಗಳನ್ನು. ಸ, ಶ, ತ, ಫ ಮುಂತಾದ ವ್ಯಂಜನಗಳು ಮಸುಕಾಗುತ್ತವೆ, ಸ್ವರಗಳು ಕೇಳಿಸುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿರುವುದು ಗೊತ್ತಾಗುತ್ತದೆ, ಏನೆಂದು ತಿಳಿಯುವುದಿಲ್ಲ. ಮನೆಯ ಕೋಣೆಯಲ್ಲಿ ತುಟಿ ನೋಡಿ ಹೊಂದಿಸಿಕೊಳ್ಳಬಹುದು. ಗಾಜು, ಕಲ್ಲುಹಾಸು, ಎತ್ತರದ ಚಾವಣಿಯ ಹಜಾರದಲ್ಲಿ ದನಿ ಪ್ರತಿಧ್ವನಿಸಿ ಕಲಸಿಹೋಗುತ್ತದೆ. ಇಂಗ್ಲಿಷಿನಲ್ಲಿ ಫಿಫ್ಟೀನ್ ಹೇಳಿದರೋ ಫಿಫ್ಟಿ ಹೇಳಿದರೋ? ಒಂದು ಅಕ್ಷರದ ಅಂತರದಲ್ಲಿ ಅರ್ಧ ಕಿಲೋಮೀಟರ್ ನಡಿಗೆ ಅಡಗಿರಬಹುದು.

ಕಣ್ಣಿಗೆ ಪೊರೆ ಬಂದವರಿಗೆ ಹೊಳೆಯುವ ಪರದೆಯ ಅಕ್ಷರಗಳು ಚದುರಿ ಕಾಣುತ್ತವೆ. ದೂರಕ್ಕೂ ಓದಿಗೂ ಒಂದೇ ಕನ್ನಡಕ ಹಾಕುವವರು ತಲೆಯೆತ್ತಿ ಫಲಕ ನೋಡಿದಾಗ, ಕನ್ನಡಕದ ಕೆಳಭಾಗದ ಓದುವ ಗಾಜು ಕಣ್ಣಿಗೆ ಅಡ್ಡ ಬಂದು ಎಲ್ಲ ಮಸುಕು. ಸಾಲದ್ದಕ್ಕೆ ಫಲಕದಲ್ಲಿ ಒಂದು ಭಾಷೆ ಹೋಗಿ ಇನ್ನೊಂದು ಬರುತ್ತದೆ, ಒಂದು ಪುಟ ಹೋಗಿ ಮತ್ತೊಂದು ಬರುತ್ತದೆ. ಒಂದೇ ವಿಮಾನಕ್ಕೆ ಎರಡು ಮೂರು ಸಂಸ್ಥೆಗಳು ಟಿಕೆಟ್ ಮಾರಿದ್ದರೆ ಅದೇ ಸಾಲಿನಲ್ಲಿ ಬೇರೆ ಬೇರೆ ಸಂಖ್ಯೆಗಳೂ ಸರದಿಯಲ್ಲಿ ಕಾಣಿಸುತ್ತವೆ. ತನ್ನ ಸಂಖ್ಯೆ ಕಂಡಿತು ಎನ್ನುವಷ್ಟರಲ್ಲಿ ಮಾಯ.

ಮೂರನೆಯದು ನೆನಪು. ಮರೆವಿನ ಕಾಯಿಲೆ ಆಗಷ್ಟೇ ಶುರುವಾದವರು ಮನೆಯಲ್ಲಿ ಚೆನ್ನಾಗಿಯೇ ಇರುತ್ತಾರೆ. ಅಡಿಗೆಮನೆ, ದೇವರಕೋಣೆ, ಹಿತ್ತಲು ಎಲ್ಲ ಕಾಲಿಗೆ ಅಭ್ಯಾಸ. ಅವರನ್ನು ರಾತ್ರಿ ನಿದ್ದೆಗೆಡಿಸಿ, ಹಗಲೋ ರಾತ್ರಿಯೋ ತಿಳಿಯದ ದೀಪಗಳ ನಡುವೆ ಕೂರಿಸಿದರೆ ದಿಕ್ಕೇ ತೋಚುವುದಿಲ್ಲ. ಅದಕ್ಕೆ ಮೊದಲು ‘ವಾಂತಿ ಬಾರದಿರಲಿ’ ಎಂದೋ ‘ನಿದ್ದೆ ಬರಲಿ’ ಎಂದೋ ನಾವೇ ಮಾತ್ರೆ ನುಂಗಿಸಿರುತ್ತೇವೆ. ಈ ಬಗೆಯ ಹಲವು ಮಾತ್ರೆಗಳು ಹಿರಿಯರ ಮಿದುಳಿಗೆ ಮಂಕು ಕವಿಸುತ್ತವೆ. ವೈದ್ಯರನ್ನು ಕೇಳದೆ ಪ್ರಯಾಣದ ದಿನ ಇವನ್ನು ಕೊಡಬೇಡಿ.

ಮೌನದ ನಿಲ್ದಾಣ, ಒಂಟಿ ಪ್ರಯಾಣಿಕ

ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಸಾರ್ವಜನಿಕ ವಿಮಾನಗಳಿಗೆ ಮುಚ್ಚಿ, ದೇವನಹಳ್ಳಿಯದು ತೆರೆಯಿತು. 2022ರ ನವೆಂಬರಿನಲ್ಲಿ ಅಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು. 2023ರ ಸೆಪ್ಟೆಂಬರಿನಲ್ಲಿ ವಿದೇಶದ ವಿಮಾನಗಳು ಅಲ್ಲಿಗೆ ಹೋದವು. ಒಂದೇ ಹಜಾರದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಮೊದಲು ಯಾವ ಕಟ್ಟಡ ಎಂದು ಕೇಳಬೇಕು. 2023ರ ಜನವರಿಯಲ್ಲಿ ಮೊದಲ ಟರ್ಮಿನಲ್ಲನ್ನು ಮೌನ ಟರ್ಮಿನಲ್ ಮಾಡಿದರು. ಎಂದರೆ ವಿಮಾನ ಹತ್ತಲು ಬನ್ನಿ ಎಂದು ಧ್ವನಿವರ್ಧಕದಲ್ಲಿ ಕರೆಯುವುದು ನಿಂತಿತು. ಗೇಟು ಬದಲಾದರೆ ಮಾತ್ರ ಪ್ರಕಟಣೆ. ದೇಶದ ಇನ್ನೂ ಕೆಲವು ದೊಡ್ಡ ನಿಲ್ದಾಣಗಳು ಇದೇ ದಾರಿ ಹಿಡಿದಿವೆ.

ವೈದ್ಯನಾಗಿ ನಾನು ಮೌನದ ವಿರೋಧಿಯಲ್ಲ. ಬಿಡುವಿಲ್ಲದ ಗದ್ದಲ ರಕ್ತದೊತ್ತಡ ಏರಿಸುತ್ತದೆ, ಮನಸ್ಸು ಕೆಡಿಸುತ್ತದೆ. ನೂರು ಪ್ರಕಟಣೆಗಳ ನಡುವೆ ನಮಗೆ ಬೇಕಾದದ್ದು ಹೇಗೂ ಕೇಳಿಸುವುದಿಲ್ಲ. ಆದರೆ ಒಂದು ಆಸರೆಯನ್ನು ತೆಗೆದವರು ಅದರ ಜಾಗದಲ್ಲಿ ಇನ್ನೊಂದನ್ನು ಇಡಬೇಕು. ‘ಮೊಬೈಲಿಗೆ ಸಂದೇಶ ಬರುತ್ತದೆ’ ಎನ್ನುತ್ತಾರೆ. ಟಿಕೆಟ್ ತೆಗೆದದ್ದು ಮಗ, ಸಂದೇಶ ಬರುವುದು ಮಗನ ಮೊಬೈಲಿಗೆ. ಮಗ ಇನ್ನೊಂದು ಊರಿನಲ್ಲಿ ನಿದ್ದೆಯಲ್ಲಿರುತ್ತಾನೆ. ನಮ್ಮ ಊರಿನ ಬಸ್ ನಿಲ್ದಾಣ ನೆನಪಿಸಿಕೊಳ್ಳಿ. ಕಂಡಕ್ಟರ್ “ಮೈಸೂರ್, ಮೈಸೂರ್, ಮೈಸೂರ್” ಎಂದು ಕೂಗುತ್ತಾನೆ. ಓದು ಬಾರದವರೂ ಕಣ್ಣು ಕಾಣದವರೂ ಸರಿಯಾದ ಬಸ್ಸು ಹತ್ತುತ್ತಾರೆ. ಕೋಟಿಗಟ್ಟಲೆ ಖರ್ಚಿನ ನಿಲ್ದಾಣದಲ್ಲಿ ಆ ಕಂಡಕ್ಟರನ ಜಾಗದಲ್ಲಿ ಒಬ್ಬ ಮನುಷ್ಯ ಬೇಡವೇ?

ದಾರಿ ತಪ್ಪುವ ಈ ಭಯದ ಇನ್ನೊಂದು ಫಲ ಗಾಲಿಕುರ್ಚಿಯ ಕೊರತೆ. ನನ್ನ ಬಳಿ ಬರುವ ಹಿರಿಯರಲ್ಲಿ ಕೆಲವರು ಚೆನ್ನಾಗಿ ನಡೆಯಬಲ್ಲವರು. ಆದರೂ ಮಕ್ಕಳು ಗಾಲಿಕುರ್ಚಿ ಹೇಳಿರುತ್ತಾರೆ. ಕಾರಣ ಕೇಳಿದರೆ, “ಕಾಲಿಗಲ್ಲ ಡಾಕ್ಟ್ರೇ, ಗೇಟಿಗೆ. ತಳ್ಳೋರು ಸರಿಯಾದ ಜಾಗಕ್ಕೆ ಮುಟ್ಟಿಸ್ತಾರಲ್ಲ” ಎನ್ನುತ್ತಾರೆ. ಅವರದು ಮೋಸ ಎಂದು ನಾನು ಹೇಳಲಾರೆ. ದಾರಿ ತೋರುವವರು ಬೇರೆ ಸಿಗದಿದ್ದಾಗ ಇನ್ನೇನು ಮಾಡಿಯಾರು? ಆದರೆ ಹೀಗೆ ಕುರ್ಚಿಗಳು ಖರ್ಚಾದಾಗ ನಿಜವಾಗಿ ನಡೆಯಲಾಗದವರು ಕಾಯಬೇಕಾಗುತ್ತದೆ. 2024ರ ಫೆಬ್ರುವರಿಯಲ್ಲಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ವಿದೇಶದಿಂದ ಬಂದಿಳಿದ ವೃದ್ಧ ದಂಪತಿಗೆ ಒಂದೇ ಗಾಲಿಕುರ್ಚಿ ಸಿಕ್ಕಿತು. ಪತ್ನಿಯನ್ನು ಅದರಲ್ಲಿ ಕೂರಿಸಿ, 80ರ ಪ್ರಾಯದ ಪತಿ ಜೊತೆಯಲ್ಲಿ ನಡೆದರು. ಕುಸಿದು ಬಿದ್ದು ತೀರಿಕೊಂಡರು. ಆ ದಿನ ಕುರ್ಚಿಗಳಿಗೆ ಬೇಡಿಕೆ ಹೆಚ್ಚಿತ್ತೆಂದು ವಿಮಾನ ಸಂಸ್ಥೆ ಹೇಳಿತು. ನಾಗರಿಕ ವಿಮಾನಯಾನ ನಿರ್ದೇಶನಾಲಯ 30 ಲಕ್ಷ ರೂಪಾಯಿ ದಂಡ ಹಾಕಿತು. ದಂಡದಿಂದ ಪಾಠವಾಗಬಹುದು, ಆ ಮನೆಗೆ ಯಜಮಾನರು ಬರಲಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ. ವಿಮಾನ ನಿಲ್ದಾಣದವರು ಕುರ್ಚಿಯ ಸಹಾಯ, ದಾರಿಯ ಸಹಾಯ ಎರಡನ್ನೂ ಬೇರೆ ಮಾಡಬೇಕು. ನಡೆಯಬಲ್ಲ, ಆದರೆ ದಾರಿ ತಿಳಿಯದ ಹಿರಿಯರನ್ನು ಗುಂಪಾಗಿ ಗೇಟಿನವರೆಗೆ ಕರೆದೊಯ್ಯಲು ಆಯಾ ರಾಜ್ಯದ ಭಾಷೆ ಬಲ್ಲ ಸಿಬ್ಬಂದಿ ಇರಲಿ. ಗೇಟು ಬದಲಾದಾಗ ಫಲಕದಲ್ಲಷ್ಟೇ ಬರೆದು ಸುಮ್ಮನಾಗದೆ, ಹಳೆಯ ಗೇಟಿನ ಬಳಿ ಒಬ್ಬರು ನಿಂತು ಬಾಯಲ್ಲಿ ಹೇಳಲಿ. ಬೋರ್ಡಿಂಗ್ ಪಾಸಿನಲ್ಲಿ ಸೀಟು, ಗೇಟು, ಹೊತ್ತು ಮೂರನ್ನೂ ದಪ್ಪ ಅಕ್ಷರದಲ್ಲಿ ಬೇರೆ ಬೇರೆ ಚೌಕದೊಳಗೆ ಮುದ್ರಿಸಲಿ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಒಳ್ಳೆಯ ಮಾದರಿಗಳೂ ಇವೆ. ಹೊರಗೆ ಕಾಣದ ತೊಂದರೆ ಇರುವವರು ಸೂರ್ಯಕಾಂತಿ ಹೂವಿನ ಚಿತ್ರದ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳುವ ಪದ್ಧತಿ 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣದಲ್ಲಿ ಶುರುವಾಯಿತು. ಅದನ್ನು ಕಂಡ ಸಿಬ್ಬಂದಿ ತಾಳ್ಮೆಯಿಂದ ಸಹಾಯ ಮಾಡಬೇಕು. ನಮ್ಮ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೂ ಈ ಪದ್ಧತಿ ಬಂದಿದೆ. ಮರೆವು, ಕಿವುಡು ಇರುವವರ ಮನೆಯವರು ಇದನ್ನು ಕೇಳಿ ಪಡೆಯಬೇಕು.

ಮನೆಯವರು ಮಾಡಬಹುದಾದದ್ದು

ನಿಲ್ದಾಣದವರು ಸುಧಾರಿಸುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಅಪ್ಪ ಅಮ್ಮನನ್ನು ವಿಮಾನ ಹತ್ತಿಸುವ ಮಕ್ಕಳು ಈ ಕೆಲವನ್ನು ಗಮನದಲ್ಲಿಡಲಿ.

1. ಹೊರಡುವ ಹಿಂದಿನ ದಿನ ಅಂಗೈಯಗಲದ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ: ಟರ್ಮಿನಲ್, ವಿಮಾನದ ಸಂಖ್ಯೆ, ಹೋಗುವ ಊರು, ಗೇಟಿಗೆ ತಲುಪಬೇಕಾದ ಹೊತ್ತು, ನಿಮ್ಮ ಫೋನ್ ಸಂಖ್ಯೆ. ಹಿಂಬದಿಯಲ್ಲಿ ಕಾಯಿಲೆ ಮತ್ತು ಔಷಧಿಗಳ ಹೆಸರು. ಗೇಟಿನ ಜಾಗ ಖಾಲಿ ಬಿಡಿ. ವಿಮಾನ ಎಲ್ಲಿ ಬಂದು ನಿಲ್ಲುತ್ತದೆ ಎಂಬುದರ ಮೇಲೆ ಗೇಟು ಅಂದೇ ನಿರ್ಧಾರವಾಗುತ್ತದೆ, ಕೊನೆಯ ಹೊತ್ತಿನಲ್ಲಿ ಬದಲಾಗಲೂಬಹುದು ಎಂದು ಮೊದಲೇ ತಿಳಿಸಿ. ಗೊತ್ತಿರುವ ಬದಲಾವಣೆ ಅಷ್ಟು ಗಾಬರಿ ಹುಟ್ಟಿಸುವುದಿಲ್ಲ.

2. ಟಿಕೆಟ್ಟಿನಲ್ಲಿರುವುದು ವಿಮಾನ ಹೊರಡುವ ಹೊತ್ತು. ಗೇಟಿನ ಬಾಗಿಲು ಸಾಮಾನ್ಯವಾಗಿ ಅದಕ್ಕೆ 20-25 ನಿಮಿಷ ಮೊದಲೇ ಮುಚ್ಚುತ್ತದೆ. ಭದ್ರತಾ ತಪಾಸಣೆ ಮುಗಿದ ಕೂಡಲೇ ಮೊದಲು ಗೇಟು ನೋಡಿಕೊಂಡು ಬರಲಿ. ಕಾಫಿ, ಶೌಚಾಲಯ ಆಮೇಲೆ. ಅರ್ಧ ಗಂಟೆಗೊಮ್ಮೆ ಗೇಟಿನ ಸಿಬ್ಬಂದಿಗೆ ಚೀಟಿ ತೋರಿಸಿ ಕೇಳಲಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

3. ಇನ್ಸುಲಿನ್ ತೆಗೆದುಕೊಳ್ಳುವವರು ತಿಂಡಿ ಕಣ್ಣೆದುರು ಬಂದ ಮೇಲೆಯೇ, ವೈದ್ಯರು ಹೇಳಿದ ಲೆಕ್ಕದಂತೆ, ಚುಚ್ಚಿಕೊಳ್ಳಲಿ. ಎಷ್ಟೋ ವಿಮಾನಗಳಲ್ಲಿ ಈಗ ತಿಂಡಿ ಪುಕ್ಕಟೆಯಲ್ಲ, ಹೊತ್ತಿಗೆ ಸಿಗುವ ಭರವಸೆಯೂ ಇಲ್ಲ. ಇನ್ಸುಲಿನ್ನನ್ನು ಕೈಚೀಲದಲ್ಲೇ ಇಡಬೇಕು, ಜೊತೆಗೆ ವೈದ್ಯರ ಚೀಟಿ ಇರಲಿ. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದರೆ ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ತಪ್ಪಿಹೋಗಬಹುದು.

4. ಸಕ್ಕರೆ ಇಳಿದಂತೆ ಕಂಡರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕೂಡಲೇ ತಿನ್ನಿಸಿ. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ಆಮೇಲೆ ಬಿಸ್ಕತ್ತೋ ಇಡ್ಲಿಯೋ ತಿನ್ನಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಸಿಬ್ಬಂದಿಯನ್ನು ಕೂಗಿ ವೈದ್ಯರನ್ನು ಕರೆಸಿ. ದೊಡ್ಡ ನಿಲ್ದಾಣಗಳಲ್ಲಿ ವೈದ್ಯಕೀಯ ಕೊಠಡಿ ಇರುತ್ತದೆ.

5. ಎದೆನೋವಿನವರು ನಾಲಿಗೆ ಕೆಳಗಿಡುವ ಮಾತ್ರೆಯನ್ನು ಜೇಬಿನಲ್ಲೇ ಇಟ್ಟುಕೊಳ್ಳಲಿ. ಗೇಟು ಮುಚ್ಚುತ್ತಿದ್ದರೂ ಓಡಬಾರದು. ಇನ್ನೊಂದು ವಿಮಾನ ಸಿಗುತ್ತದೆ.

6. ನೀರು ಬಿಡಬೇಡಿ. ಮೂತ್ರದ ಮಾತ್ರೆಯ ಹೊತ್ತು ಬದಲಿಸಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ.

7. ಗಾಲಿಕುರ್ಚಿ ನಿಜವಾಗಿ ಬೇಕಾದವರು ಟಿಕೆಟ್ ತೆಗೆಯುವಾಗಲೇ, ತಡವೆಂದರೆ 48 ಗಂಟೆ ಮೊದಲು, ವಿಮಾನ ಸಂಸ್ಥೆಗೆ ತಿಳಿಸಬೇಕು.

ಎಂಟನೆಯದೊಂದಿದೆ, ಅದನ್ನು ಯಾವ ವೈದ್ಯರ ಚೀಟಿಯಲ್ಲೂ ಬರೆಯುವುದಿಲ್ಲ. ಹಿರಿಯರು ಗೇಟು ತಪ್ಪಿಸಿಕೊಂಡರೆ, ವಿಮಾನವೇ ತಪ್ಪಿದರೆ, ಮೊದಲು ಕೇಳಬೇಕಾದ್ದು “ತಿಂಡಿ ತಿಂದ್ರಾ? ಹೇಗಿದ್ದೀರಿ?” ಎಂದು. “ಇಷ್ಟೂ ಗೊತ್ತಾಗಲ್ವಾ?” ಎಂದಲ್ಲ. ನಮ್ಮ ಕೈಹಿಡಿದು ಶಾಲೆಯ ಬಾಗಿಲಿಗೆ ಬಿಟ್ಟವರು ಅವರು. ಅಂದು ನಮಗೂ ಯಾವ ಕೊಠಡಿ ಎಂದು ಗೊತ್ತಿರಲಿಲ್ಲ.

ಆ ಸಂಜೆ ಮೇಷ್ಟ್ರ ರಕ್ತ ಪರೀಕ್ಷೆ ಮಾಡಿದೆ, ಸಕ್ಕರೆ ಸರಿಯಾಗಿತ್ತು. ನಾನೇ ಮಗನಿಗೆ ಫೋನ್ ಮಾಡಿ ಆ ಬೆಳಿಗ್ಗೆ ಅವರ ದೇಹದಲ್ಲಿ ಏನಾಗಿತ್ತೆಂದು ವಿವರಿಸಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಂಗೆ ಕೊಡಿ ಡಾಕ್ಟ್ರೇ” ಎಂದ. ಮೇಷ್ಟ್ರು ಫೋನ್ ಹಿಡಿದುಕೊಂಡು ಹೊರಗಿನ ಜಗಲಿಗೆ ಹೋದರು. ಮುಂದಿನ ಯುಗಾದಿಗೆ ಮಗಳ ಊರಿಗೆ ಮತ್ತೆ ಹೊರಟಿದ್ದಾರಂತೆ. ಈ ಸಲ ಚೀಟಿ ಬರೆದುಕೊಡುವ ಕೆಲಸ ಮಗನದು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಬೇಕೆಂಬುದು ನನ್ನ ಆಜ್ಞೆ. ಪೇಠಾ ಕೊಟ್ಟ ಯೋಧನ ಹೆಸರು ಕೇಳಲು ಮರೆತೆವಲ್ಲ ಎಂಬುದೊಂದೇ ಆ ದಂಪತಿಗಳಿಗೆ ಈಗ ಉಳಿದಿರುವ ಬೇಸರ.